ಕ್ಯಾರವಾನಿಗೆ ಎರಡನೇ ಎ.ಸಿ. ಹಾಕಿಸುವ ಮುನ್ನ

2022ರ ಜುಲೈ 19ರಂದು ಇಂಗ್ಲೆಂಡಿನ ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ ತಾಪಮಾನ 40.3 ಡಿಗ್ರಿ ಮುಟ್ಟಿತ್ತು. ಅಂಥ ಸೆಖೆ ಕಂಡ ಮೇಲೆ, ಊರಿನಿಂದ ಬಂದ ಅಪ್ಪ ಅಮ್ಮನನ್ನು ಪೀಕ್ ಡಿಸ್ಟ್ರಿಕ್ಟ್‌ಗೆ ಕರೆದೊಯ್ಯುವವರಿಗೆ ಕ್ಯಾರವಾನಿನ ಮಲಗುವ ಭಾಗಕ್ಕೂ ಒಂದು ಎ.ಸಿ. ಇರಲಿ ಅನ್ನಿಸುವುದು ಸಹಜ.

ಮೊದಲು ಕರೆಂಟಿನ ಲೆಕ್ಕ ಹಾಕಿ. ಇಲ್ಲಿನ ಕ್ಯಾರವಾನ್ ಸೈಟುಗಳಲ್ಲಿ ಸಾಮಾನ್ಯವಾಗಿ ಸಿಗುವುದು 10 ಅಥವಾ 16 ಆಂಪ್. 230 ವೋಲ್ಟಿನಲ್ಲಿ 10 ಆಂಪ್ ಎಂದರೆ 2,300 ವ್ಯಾಟ್, ಅಷ್ಟೇ. ಎರಡು ಎ.ಸಿ. ಓಡುತ್ತಿರುವಾಗ ಚಹಾಕ್ಕೆಂದು ಎಲೆಕ್ಟ್ರಿಕ್ ಕೆಟಲ್ ಹಚ್ಚಿದರೆ ಟ್ರಿಪ್ ಆಗುವುದು ಬಹುತೇಕ ಖಂಡಿತ. ಒಂದು ನಿಂತಾಗಲೇ ಇನ್ನೊಂದು ಓಡುವಂತೆ ಸ್ವಿಚ್ ಹಾಕಿಸಬಹುದು. ವೈರಿಂಗ್ ಮಾತ್ರ ಅರ್ಹ ಎಲೆಕ್ಟ್ರಿಷಿಯನ್‌ನಿಂದಲೇ ಆಗಲಿ.

ಚಾವಣಿಯ ಎ.ಸಿ. ಒಂದೊಂದೂ 30 ಕೆ.ಜಿ. ಆಸುಪಾಸು ತೂಗುತ್ತದೆ. ಅಷ್ಟು ಸಾಮಾನು ಕಡಿಮೆ ಒಯ್ಯಬೇಕು. ಗಾಡಿಯ ಫಲಕದ ಮೇಲಿನ ಗರಿಷ್ಠ ತೂಕ ದಾಟಿ ಎಳೆಯುವುದು ಅಪರಾಧ. ನನಗೆ ಇದಕ್ಕಿಂತ ಹೆಚ್ಚಿನ ಭಯ ಮ್ಯಾಂಚೆಸ್ಟರಿನ ಮಳೆಯದು. ಚಾವಣಿ ಕೊರೆದ ಕಡೆ ಸೀಲು ಸಡಿಲಾದರೆ ನೀರು ಗೋಡೆಯೊಳಗೆ ಸದ್ದಿಲ್ಲದೆ ಇಳಿದು ಮರದ ಚೌಕಟ್ಟು ಕೊಳೆಯುತ್ತದೆ.

ಆದ್ದರಿಂದ ಮೊದಲು ನೆರಳು ನೋಡಿ ನಿಲ್ಲಿಸಿ, ಕಿಟಕಿಗೆ ಹೊರಗಿನಿಂದ ಬಿಸಿಲು ತಡೆಯುವ ಪರದೆ ಕಟ್ಟಿ, ಫ್ಯಾನಿಟ್ಟು ಮಧ್ಯದ ಬಾಗಿಲು ತೆರೆದಿಡಿ. ಇರುವ ಒಂದೇ ಎ.ಸಿ.ಯನ್ನು ಮಧ್ಯಾಹ್ನಕ್ಕೆ ಮೊದಲೇ ಹಚ್ಚಿಬಿಡಿ.