ಹೊನ್ನಾಳಿ ಸೀಮೆಯಲ್ಲಿ ಮನೆತನದ ಮೂಲವನ್ನು ಅರಸುವ ಬಗೆ

ತಂದೆಯ ಹೆಸರು, ಅಜ್ಜನ ಹೆಸರು ಎಲ್ಲರಿಗೂ ಗೊತ್ತು. ಮುತ್ತಜ್ಜನ ಹೆಸರನ್ನು ಕೆಲವರು ನೆನೆದು ಹೇಳುತ್ತಾರೆ. ಅದಕ್ಕೂ ಹಿಂದಿನವನು, ಎಂದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ತುಂಗಭದ್ರೆಯ ದಡದ ಯಾವುದೋ ಹಳ್ಳಿಯಲ್ಲಿ ನೇಗಿಲು ಹಿಡಿದಿದ್ದವನು ಯಾರೆಂದು ಕೇಳಿದರೆ ಬಹುಪಾಲು ಮನೆಗಳಲ್ಲಿ ಮೌನವೇ ಉತ್ತರ. ಅರಸರಿಗೂ ಪಾಳೆಯಗಾರರಿಗೂ ಶಾಸನಗಳುಂಟು, ವಂಶಾವಳಿಗಳುಂಟು. ದುಡಿದು ಉಂಡವನಿಗೆ ಏನುಂಟು ಎಂಬುದು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ಇಂಗ್ಲೆಂಡಿನ ಕೂಲಿಕಾರನ ಸ್ಥಿತಿ ಈ ವಿಷಯದಲ್ಲಿ ಬೇರೆ. ಅಲ್ಲಿ ಪ್ರತಿಯೊಂದು ಚರ್ಚಿನ ಪಾದ್ರಿಯೂ ತನ್ನ ವ್ಯಾಪ್ತಿಯ ಜನರ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿಯೇ ಕಟ್ಟಳೆಯಾಯಿತು. 1837ರಲ್ಲಿ ಸರಕಾರವೇ ಜನನ, ಮರಣ, ವಿವಾಹಗಳ ನೋಂದಣಿಯನ್ನು ಆರಂಭಿಸಿತು. 1841ರ ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳು ಬಂದವು. 1851ರಲ್ಲಿ ಯಜಮಾನನೊಡನೆ ಅವರಿಗಿರುವ ಸಂಬಂಧವೂ ಹುಟ್ಟಿದ ಊರೂ ಸೇರಿದವು. ಆ ಹಾಳೆಗಳನ್ನು ಕಾಪಾಡಿ, ನೂರು ವರ್ಷ ಕಳೆದ ಮೇಲೆ ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರ ಗಣತಿ 2022ರಲ್ಲಿ ತೆರೆಯಿತು. ಹೀಗಾಗಿ ಅಲ್ಲಿ ಗಿರಣಿಯಲ್ಲಿ ನೂಲು ತೆಗೆದವನ ಮರಿಮಗನು ತನ್ನ ಹಿರಿಯನನ್ನು ಹತ್ತು ವರ್ಷಕ್ಕೊಮ್ಮೆ ಅವನ ಮನೆಯಲ್ಲಿಯೇ ಕಾಣಬಲ್ಲನು.

ಮೈಸೂರು ಸಂಸ್ಥಾನದಲ್ಲಿಯೂ 1871ರಲ್ಲಿ ವ್ಯವಸ್ಥಿತವಾದ ಗಣತಿ ನಡೆಯಿತು, 1881ರಲ್ಲಿ ಮತ್ತೊಮ್ಮೆ ನಡೆಯಿತು. ಆದರೆ ಉಳಿದುಬಂದದ್ದು ಅಂಕಿ, ಹೆಸರಲ್ಲ. ಎಣಿಸಿ ಕೂಡಿಸಿದ ಮೇಲೆ ಮನೆಮನೆಯ ಹಾಳೆಗಳನ್ನು ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. 1948ರ ಜನಗಣತಿ ಕಾಯಿದೆಯಂತೆ ಈಚಿನ ಗಣತಿಗಳ ವೈಯಕ್ತಿಕ ವಿವರಗಳೂ ಪರಿಶೀಲನೆಗೆ ದೊರೆಯವು. ಆದರೂ ಅಂಕಿಗಳನ್ನು ಕಡೆಗಣಿಸಲಾಗದು. 1871ರಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಈ ಹತ್ತು ವರ್ಷಗಳ ನಡುವೆ ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮ ಕಳೆದುಹೋಗಿದೆ. ಎಷ್ಟೋ ಮನೆತನಗಳ ಕಥೆ "ಬರಗಾಲದಲ್ಲಿ ಹಿರಿಯರು ಇಲ್ಲಿಗೆ ಬಂದರು" ಎಂದು ಆರಂಭವಾಗುವುದಕ್ಕೆ ಕಾರಣವಿಲ್ಲದಿಲ್ಲ.

ಸಂವತ್ಸರದ ಹೆಸರನ್ನು ಹಿಡಿದು ಹೋಗುವವರು ಒಂದು ಎಚ್ಚರಿಕೆಯನ್ನು ವಹಿಸಬೇಕು. ಧಾತು 1876-77ರಲ್ಲಿ ಬಂದಂತೆ 1816-17ರಲ್ಲಿಯೂ 1936-37ರಲ್ಲಿಯೂ ಬಂದಿದೆ. ಅರವತ್ತು ವರ್ಷದ ಸುತ್ತಿನಲ್ಲಿ ಒಂದು ಸುತ್ತು ತಪ್ಪಿದರೆ ಅಜ್ಜನು ಮೊಮ್ಮಗನಾಗಿಬಿಡುತ್ತಾನೆ.

ಇಲ್ಲಿಯ ಆಡಳಿತ ಬರೆದಿಟ್ಟದ್ದು ಮುಖ್ಯವಾಗಿ ಭೂಮಿಯನ್ನು. ಕಂದಾಯ ಕೊಡುವವನೆಂಬ ಕಾರಣಕ್ಕೆ ಮಾತ್ರ ಮನುಷ್ಯನನ್ನು. ಮೈಸೂರಿನಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯ ಭೂಮಾಪನ ಇಲಾಖೆ ಸ್ಥಾಪನೆಯಾಗಿ, ತಾಲ್ಲೂಕಿನಿಂದ ತಾಲ್ಲೂಕಿಗೆ ಹೊಲಗಳನ್ನು ಅಳೆದು ಸರ್ವೆ ನಂಬರು ಕೊಡಲಾಯಿತು. ಶೋಧಕನಿಗೆ ಆ ನಂಬರೇ ಊರುಗೋಲು. ಇಂದಿನ ಪಹಣಿಯಿಂದ ಹೊರಟು ಖಾತೆ ಬದಲಾವಣೆಗಳ ಮೂಲಕ ಹಿಂದೆ ಹಿಂದೆ ನಡೆದು, ಆಕಾರ್‌ಬಂದ್, ಟಿಪ್ಪಣಿಗಳವರೆಗೆ ಹೋಗಬೇಕು. "ಬಸಪ್ಪ ಬಿನ್ ಸಿದ್ದಪ್ಪ" ಎಂಬಂಥ ಒಂದು ಸಾಲು ಸಿಕ್ಕಿದರೆ ಎರಡು ತಲೆಮಾರು ದೊರೆತಂತೆ. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು ಮರಳುತ್ತದೆ. ಬಸಪ್ಪನ ಮಗ ಸಿದ್ದಪ್ಪ, ಸಿದ್ದಪ್ಪನ ಮಗ ಬಸಪ್ಪ ಎಂಬ ಸರಪಳಿಯಲ್ಲಿ ದಾರಿತಪ್ಪದಂತೆ ಕಾಯುವುದು ನಂಬರೊಂದೇ. ಕೂಡುಕುಟುಂಬದಲ್ಲಿ ಖಾತೆ ಹಿರಿಯಣ್ಣನ ಹೆಸರಿನಲ್ಲಿರುವುದರಿಂದ ತಮ್ಮಂದಿರು ಪಾಲಾಗುವವರೆಗೂ ಕಾಣಿಸರು. ಹೆಂಗಸಿನ ಹೆಸರು "ಕೋಂ" ಎಂಬ ಅಕ್ಷರದೊಡನೆ ಬರುವುದು ಹೆಚ್ಚಾಗಿ ಗಂಡ ತೀರಿಕೊಂಡ ಮೇಲೆ. ಆಡಳಿತದ ಕಣ್ಣಿಗೆ ಆಕೆ ಬೀಳಬೇಕಾದರೆ ವಿಧವೆಯಾಗಬೇಕಾಗಿತ್ತು!

ಹೊನ್ನಾಳಿ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೆ ಹಿಂದಿನ ಜಿಲ್ಲಾ ದಾಖಲೆಗಳನ್ನು ಶಿವಮೊಗ್ಗದ ಹೆಸರಿನಲ್ಲಿ ಅರಸಬೇಕು. ಇನ್ನು ಶಾನುಭೋಗರ ಲೆಕ್ಕಗಳ ಮಾತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ರದ್ದಾದವು. ಹಳೆಯ ಮನೆಗಳ ಅಟ್ಟಗಳಲ್ಲಿ ಬಳಪದಿಂದ ಬರೆದ ಕರಿಯ ಬಟ್ಟೆಯ ಕಡತಗಳು ಸಿಗುವುದುಂಟು. ಅವುಗಳ ಮೋಡಿ ಬರಹವನ್ನು ಓದಬಲ್ಲವರು ವಿರಳ.

ಕಾಗದಕ್ಕಿಂತ ಆಳಕ್ಕೆ ಹೋಗಬಲ್ಲವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಈಗಿನ ಮಕ್ಕಳವರೆಗೆ ಕುಲವನ್ನು ಹೊಗಳುವ ಈ ಜನರ ಬಳಿ ವಂಶಾವಳಿಯ ಪುಸ್ತಕಗಳಿರುತ್ತವೆ. ಯಾವ ಹೆಳವನಿಗೆ ಯಾವ ಊರು, ಯಾವ ಮನೆತನ ಎಂಬುದು ಪರಂಪರೆಯಿಂದ ನಿಶ್ಚಿತ. ಹುಟ್ಟಿದ ಮಗುವಿನ ಹೆಸರನ್ನು ಬರೆದುಕೊಂಡು, ಕಾಳನ್ನೋ ಕರುವನ್ನೋ ದಾನ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಮನೆತನ ಯಾವ ಊರಿನಿಂದ ಎದ್ದು ಬಂತು, ಬೆಡಗು ಯಾವುದು, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು ಎಂಬ ಸಂಗತಿಗಳು ಸರಕಾರದ ಯಾವ ಪುಸ್ತಕದಲ್ಲಿಯೂ ಇಲ್ಲ, ಇವರಲ್ಲುಂಟು. ಆ ವಾಕ್ಯಗಳಲ್ಲಿ ಹೊಗಳಿಕೆಯ ಭಾಗವನ್ನು ಜರಡಿ ಹಿಡಿಯಬೇಕು. ಆದರೆ ಊರುಗಳ ಹೆಸರನ್ನು ಲಘುವಾಗಿ ಕಾಣಬಾರದು: ಹೆಳವನು ಹೇಳಿದ ಮೂಲ ಊರಿನ ಖಾತೆಯಲ್ಲಿ ಅದೇ ಅಡ್ಡಹೆಸರು ಕಂಡರೆ ಎರಡು ಸಾಕ್ಷಿಗಳು ಕೂಡಿದಂತಾಯಿತು. ಇಂದು ಅವರ ಮಕ್ಕಳು ಬೇರೆ ಬೇರೆ ಉದ್ಯೋಗಗಳಿಗೆ ತೆರಳುತ್ತಿದ್ದಾರೆ. ಊರಿಗೆ ಬಂದ ಹೆಳವನನ್ನು ಕಾಳು ಕೊಟ್ಟು ಬೇಗನೆ ಸಾಗಹಾಕುವ ಮನೆಯವರು ಅವನ ಪುಸ್ತಕದಲ್ಲಿ ತಮ್ಮ ಪುಟ ಎಲ್ಲಿದೆಯೆಂದಾದರೂ ಕೇಳಬೇಕು.

ಭೂಮಿಯಿಲ್ಲದವನಿಗೆ ಖಾತೆಯಿಲ್ಲ, ದಾನ ಕೊಡಲಾರದವನ ಬಾಗಿಲಲ್ಲಿ ಹೆಳವನು ನಿಲ್ಲುವುದೂ ಅಪರೂಪ. ಲಿಂಗಾಯತರಲ್ಲಿ ಶವವನ್ನು ಸಮಾಧಿ ಮಾಡುವುದರಿಂದ ಅವನ ನೆಲೆ ರುದ್ರಭೂಮಿಯಲ್ಲಿ ಇರುತ್ತದಾದರೂ ಅದರ ಮೇಲೆ ಹೆಸರು ಕೊರೆಸಿದ ಕಲ್ಲು ಇರುವುದಿಲ್ಲ. ಗೇಣಿದಾರನ ಹೆಸರು ವ್ಯಾಪಕವಾಗಿ ಕಾಗದಕ್ಕೆ ಬಂದದ್ದು 1974ರ ಭೂಸುಧಾರಣೆಯ ಕಾಲದಲ್ಲಿ. ಆಗ ಭೂನ್ಯಾಯಮಂಡಳಿಗಳ ಮುಂದೆ ನಮೂನೆ 7ನ್ನು ಸಲ್ಲಿಸಿ ಉಳುಮೆಯ ಹಕ್ಕನ್ನು ಸಾಧಿಸಬೇಕಾಗಿತ್ತು. ತಂದೆ, ಅಜ್ಜಂದಿರ ಕಾಲದಿಂದ ಉಳುತ್ತ ಬಂದೆವೆಂದು ಹೇಳಿದ ಕಡತಗಳಲ್ಲಿ ಆ ಹಿರಿಯರ ಹೆಸರುಗಳನ್ನೂ ಹುಡುಕಬಹುದು.

ಗೇಣಿಯೂ ಇಲ್ಲದೆ ಬರಿಯ ಕೂಲಿಯಿಂದ ಬದುಕಿದ ಮನೆಗೆ ಶಾಲೆಯ ದಾಖಲಾತಿ ಪುಸ್ತಕವೇ ಎಷ್ಟೋ ಸಲ ಮೊದಲ ಆಧಾರ. ಜನನ ಮರಣಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ ಕಾಯಿದೆ ಬಂದದ್ದು 1969ರಲ್ಲಿ. ಅದಕ್ಕೆ ಮುನ್ನ ಹುಟ್ಟಿದ ಬಡವರ ಮಗುವಿನ ಹೆಸರು, ತಂದೆಯ ಹೆಸರು, ಊರು, ಕಸಬುಗಳನ್ನು ಒಂದೇ ಸಾಲಿನಲ್ಲಿ ಬರೆದಿಟ್ಟವರು ಉಪಾಧ್ಯಾಯರು. ಅಲ್ಲಿಯ ಜನ್ಮದಿನಾಂಕವನ್ನು ಮಾತ್ರ ಪೂರ್ತಿಯಾಗಿ ನಂಬಲಾಗದು. ಶಾಲೆಗೆ ಸೇರಿಸಲು ಅನುಕೂಲವಾಗಲೆಂದು ಜೂನ್ 1 ಎಂದು ಬರೆದ ಉದಾಹರಣೆಗಳು ಕರ್ನಾಟಕದ ಎಲ್ಲ ಕಡೆಯೂ ಹೇರಳ. ಆದರೆ ತಂದೆಯ ಹೆಸರನ್ನು ಸುಳ್ಳು ಬರೆಸುವ ಅಗತ್ಯ ಯಾರಿಗೂ ಇರಲಿಲ್ಲ.

ಈ ಪುಸ್ತಕಗಳು ಈಗ ವರ್ಗಾವಣೆ ಪತ್ರದ ನಕಲು ಕೇಳಲು ಯಾರಾದರೂ ಬಂದಾಗ ಮಾತ್ರ ಬೀರುವಿನಿಂದ ಹೊರಬರುತ್ತವೆ. ಪುಟ ಮಗುಚುವ ಬೆರಳು ತಾಗುವ ಮೂಲೆಗಳು ಮೊದಲು ಸವೆಯುತ್ತವೆ. ಗೆದ್ದಲು ಹಿಡಿದರೆ ಇಡೀ ವರ್ಷವೇ ಹೋಗುತ್ತದೆ. ಹಳೆಯ ಸಂಪುಟಗಳನ್ನು ಮರುಹೊಲಿಗೆಗೆ ಕೊಡುವ ಮುನ್ನ ಪ್ರತಿ ಪುಟದ ಛಾಯಾಚಿತ್ರ ತೆಗೆಸಿ, ಹೆಸರು, ತಂದೆ, ಊರು, ಕಸಬು ಎಂಬ ನಾಲ್ಕು ಕಲಮುಗಳನ್ನಾದರೂ ನಕಲು ಮಾಡಿಡಬೇಕು. ಹೊಲಿಗೆಯವನ ಕತ್ತರಿ ಮೊದಲು ಬೀಳುವುದು ಅಂಚಿನ ಮೇಲೆ. ಪುಟದ ಅಂಚಿಗೆ ಹತ್ತಿದ ಕಲಮುಗಳಿಗೆ ಅಪಾಯ ಹೆಚ್ಚು.