ಹಳೆಯ ಡೊಮೇನ್ ಕೈಬಿಡಬೇಡಿ

ದೇಶದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಹೆಸರಿಗೆ ಸಾಗಿಸಬೇಕೆಂದು ರಿಸರ್ವ್ ಬ್ಯಾಂಕ್ ಆ ವರ್ಷದ ಏಪ್ರಿಲ್ 22ರಂದು ಸುತ್ತೋಲೆ ಹೊರಡಿಸಿತು. ಹೆಸರು ನೋಂದಾಯಿಸಿಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಡಿಸಿಸಿ ಬ್ಯಾಂಕುಗಳಿಗೂ ಇದೇ ಗಡುವಿತ್ತು. ದೊಡ್ಡ ಬ್ಯಾಂಕಿನಲ್ಲಿ ಇದಕ್ಕೊಂದು ತಂಡವೇ ಇರುತ್ತದೆ. ತಾಲ್ಲೂಕು ಕೇಂದ್ರದ ಸಹಕಾರ ಬ್ಯಾಂಕಿನಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಗುಮಾಸ್ತ, ಹೊರಗಿನ ಒಬ್ಬ ವೆಂಡರ್, ಅಷ್ಟೇ. ಸಣ್ಣ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವುದು ನನ್ನ ವೃತ್ತಿ. ಡೊಮೇನ್ ಬದಲಿಸುವ ಕೆಲಸದಲ್ಲಿ ಕಲಿತದ್ದನ್ನು ಆ ಗುಮಾಸ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬ್ಯಾಂಕಲ್ಲದ ಸಂಸ್ಥೆಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

1. ಸರ್ವರ್ ಮುಟ್ಟುವ ಮೊದಲು, ಹಳೆಯ ಹೆಸರು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ಪಾಸ್‌ಬುಕ್, ರಸೀದಿ, ನಾಮಫಲಕಗಳು ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವುದು ಲಾಗಿನ್‌ಗಳು. ಜಿಎಸ್‌ಟಿ, ಆದಾಯ ತೆರಿಗೆ, ಭವಿಷ್ಯನಿಧಿ ಪೋರ್ಟಲ್‌ಗಳಲ್ಲಿ ಕೊಟ್ಟಿರುವ ಇಮೇಲ್ ಯಾವುದು? ಒಟಿಪಿ ಯಾರ ಪೆಟ್ಟಿಗೆಗೆ ಬರುತ್ತದೆ? ಮಹಡಿಯ ಮೇಲಿನ ಸ್ಕ್ಯಾನರ್, ಸಿಸಿಟಿವಿ ಡಿವಿಆರ್, ರಾತ್ರಿ ಬ್ಯಾಕಪ್ ವರದಿ ಕಳುಹಿಸುವ ಯಂತ್ರ, ಇವುಗಳ ಒಳಗೂ ಹಳೆಯ ಮೇಲ್ ಸರ್ವರಿನ ಹೆಸರು, ಪಾಸ್‌ವರ್ಡ್ ಕುಳಿತಿರುತ್ತವೆ. ಕಳೆದ ಒಂದು ವರ್ಷದ ಇನ್‌ಬಾಕ್ಸ್ ತೆರೆದು, ತಾನಾಗಿಯೇ ಬರುವ ಪತ್ರಗಳನ್ನು ಕಳುಹಿಸಿದವರ ಹೆಸರು ಬರೆದುಕೊಳ್ಳಿ. ಪಟ್ಟಿಯ ಅರ್ಧ ಅಲ್ಲೇ ಸಿಗುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಡೊಮೇನ್ ಕೊಂಡ ರಿಜಿಸ್ಟ್ರಾರ್ ಖಾತೆಯ ಇಮೇಲ್ ಅದೇ ಡೊಮೇನಿನದ್ದಾಗಿದ್ದರೆ ಮೊದಲು ಅದನ್ನು ಬದಲಿಸಿ. ಮೇಲ್ ನಿಂತ ದಿನ ಪಾಸ್‌ವರ್ಡ್ ಮರಳಿ ಪಡೆಯುವ ದಾರಿಯೂ ಮುಚ್ಚಿಹೋಗುತ್ತದೆ.

2. ಎಸ್‌ಎಂಎಸ್‌ನಲ್ಲಿರುವ ಲಿಂಕಿಗೆ ಬೇರೆಯೇ ಅನುಮತಿ ಬೇಕು

ಟ್ರಾಯ್ ನಿರ್ದೇಶನದಂತೆ 2024ರ ಅಕ್ಟೋಬರ್ 1ರಿಂದ, ಮೊದಲೇ ನೋಂದಾಯಿಸದ ಲಿಂಕ್ ಇರುವ ವಾಣಿಜ್ಯ ಎಸ್‌ಎಂಎಸ್‌ಗಳನ್ನು ದೂರಸಂಪರ್ಕ ಕಂಪನಿಗಳು ತಡೆಯುತ್ತವೆ. ಹೊಸ ಡೊಮೇನಿನ ಲಿಂಕನ್ನು ಈ ನೋಂದಣಿ ನಡೆಯುವ ಡಿಎಲ್‌ಟಿ ಪೋರ್ಟಲಿನಲ್ಲಿ ಸೇರಿಸದೆ ಟೆಂಪ್ಲೇಟ್ ಬದಲಿಸಿದರೆ ಸಂದೇಶ ಗ್ರಾಹಕರನ್ನು ತಲುಪುವುದಿಲ್ಲ. ಜಾಲತಾಣ ಸಾಗಿಸುವವರು ಒಬ್ಬರು, ಎಸ್‌ಎಂಎಸ್ ನೋಡಿಕೊಳ್ಳುವವರು ಇನ್ನೊಬ್ಬರು ಆಗಿರುವುದರಿಂದ ಈ ಕೆಲಸ ಇಬ್ಬರ ನಡುವೆ ಬಿದ್ದುಹೋಗುತ್ತದೆ. ಒಬ್ಬರ ಹೆಸರಿಗೆ ಬರೆದಿಡಿ.

3. ಟಿಟಿಎಲ್ ಅನ್ನು ಒಂದೆರಡು ದಿನ ಮುಂಚೆಯೇ ಇಳಿಸಿ

ಡಿಎನ್‌ಎಸ್ ದಾಖಲೆಯಲ್ಲಿ ಟಿಟಿಎಲ್ 86400 ಸೆಕೆಂಡು ಎಂದಿದ್ದರೆ, ಬೇರೆಯವರ ಸರ್ವರ್‌ಗಳು ಹಳೆಯ ವಿಳಾಸವನ್ನು ಇಡೀ ಒಂದು ದಿನ ನೆನಪಿಟ್ಟುಕೊಳ್ಳುತ್ತವೆ. ಹಳೆಯ ಹೆಸರನ್ನು ಹೊಸ ಸರ್ವರಿಗೆ ತಿರುಗಿಸುವ ಮುಂಚೆಯೇ ಅದನ್ನು 300ಕ್ಕೆ ಇಳಿಸಿ, ಹಳೆಯ ಅವಧಿ ಕಳೆಯುವವರೆಗೆ ಕಾದು, ಆಮೇಲೆ ಬದಲಿಸಿ. ಎಲ್ಲ ಸರಿಯಾದ ಮೇಲೆ ಮತ್ತೆ ಏರಿಸಿ.

4. ಪ್ರತಿ ಪುಟಕ್ಕೂ ಅದರದೇ ಹೊಸ ಪುಟ ತೋರಿಸಿ

ಹಳೆಯ ತಾಣದ ಎಲ್ಲ ಲಿಂಕುಗಳನ್ನೂ ಹೊಸ ತಾಣದ ಮುಖಪುಟಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಸಾಲದ ಅರ್ಜಿ ಹುಡುಕಿ ಬಂದ ರೈತನಿಗೆ ಮುಖಪುಟ ತೋರಿಸಿದರೆ ಆತ ಎಲ್ಲಿ ಹುಡುಕಬೇಕು? ಪುಟಕ್ಕೆ ಪುಟ ಹೊಂದಿಸಿ, 301 ಎಂಬ ಶಾಶ್ವತ ರೀಡೈರೆಕ್ಟ್ ಕೊಡಿ. 302 ಎಂದರೆ ತಾತ್ಕಾಲಿಕ ಬದಲಾವಣೆ, ಇಲ್ಲಿ ಅದು ಸಲ್ಲದು. ಪಿಡಿಎಫ್ ಅರ್ಜಿ ನಮೂನೆಗಳನ್ನೂ ಬಿಡಬೇಡಿ.

ಹಳೆಯ ಹೆಸರಿನ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ನವೀಕರಿಸುತ್ತಲೇ ಇರಬೇಕು. ಅದು ಮುಗಿದುಹೋದರೆ ರೀಡೈರೆಕ್ಟ್ ಕೆಲಸಕ್ಕೆ ಬರುವ ಮೊದಲೇ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ. ಬ್ಯಾಂಕಿನ ಹೆಸರಿನ ಮೇಲೆ ಅಂಥ ಎಚ್ಚರಿಕೆ ಕಂಡವರು ಮತ್ತೆ ಆ ಕಡೆ ಬರಲು ಹೆದರುತ್ತಾರೆ. ಗೂಗಲ್ ಸರ್ಚ್ ಕನ್ಸೋಲಿನಲ್ಲಿ ವಿಳಾಸ ಬದಲಾವಣೆ ತಿಳಿಸುವ ಸೌಲಭ್ಯವಿದೆ, ಬಳಸಿಕೊಳ್ಳಿ. ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ ಎಂದು ಗೂಗಲ್ ಹೇಳುತ್ತದೆ. ಸರ್ಚ್ ಎಂಜಿನ್‌ಗೆ ಅಷ್ಟು ಸಾಕು. ಹತ್ತು ವರ್ಷದ ಹಿಂದಿನ ಪಾಸ್‌ಬುಕ್ ಹಿಡಿದು ಬರುವವರಿಗೆ ಅದು ಸಾಲದು.

5. ಮೇಲ್ ಸರ್ವರ್ ಕೆಡುವುದಕ್ಕಿಂತ ಅದು ತಪ್ಪು ಉತ್ತರ ಕೊಡುವುದು ಅಪಾಯ

ಈ ಪಾಠವನ್ನು ನಿಧಾನವಾಗಿ ಓದಿ. ಇಮೇಲಿನ ವ್ಯವಸ್ಥೆ ತುಂಬ ತಾಳ್ಮೆಯದು. ನಿಮ್ಮ ಸರ್ವರ್ ಉತ್ತರಿಸದೆ ಹೋದರೆ ಕಳುಹಿಸಿದ ಸರ್ವರ್ ಪತ್ರವನ್ನು ಸರತಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಯತ್ನಿಸುತ್ತದೆ. ಹಾಗೆ 4-5 ದಿನವಾದರೂ ಯತ್ನಿಸಬೇಕೆಂದು ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ಹಾಗಾಗಿ ಕೆಲವು ಗಂಟೆ ಸರ್ವರ್ ನಿಂತರೆ ಸಾಮಾನ್ಯವಾಗಿ ಪತ್ರ ಕಳೆದುಹೋಗದು. ಆದರೆ ಸರ್ವರ್ ಎದ್ದು ನಿಂತು, ‘ಈ ಹೆಸರಿನವರು ಇಲ್ಲಿಲ್ಲ’ ಎಂದು 550 ಸಂಖ್ಯೆಯ ಉತ್ತರ ಕೊಟ್ಟರೆ ಪತ್ರ ಆ ಕ್ಷಣವೇ ವಾಪಸ್ಸಾಗುತ್ತದೆ, ಮತ್ತೆ ಬರುವುದಿಲ್ಲ. ಆದ್ದರಿಂದ ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಿಸುವ ಮುನ್ನ ಹೊಸ ಸರ್ವರಿನಲ್ಲಿ ಎಲ್ಲ ಪೆಟ್ಟಿಗೆಗಳೂ ಎರಡೂ ಡೊಮೇನಿನ ಹೆಸರಿನಲ್ಲಿ ಸಿದ್ಧವಾಗಿರಬೇಕು. ನಿವೃತ್ತರಾದ ಮ್ಯಾನೇಜರ್ ಹೆಸರಿನ ವಿಳಾಸ ಇನ್ನೂ ಯಾವುದೋ ಅರ್ಜಿಯಲ್ಲಿ ಅಚ್ಚಾಗಿರುತ್ತದೆ. ಅದೂ ಪಟ್ಟಿಯಲ್ಲಿರಲಿ.

ಎರಡನೆಯ ಅಪಾಯ ಹಳೆಯ ಸರ್ವರಿನದು. ಎಂಎಕ್ಸ್ ಬದಲಾದ ಮೇಲೂ ಹಳೆಯ ಹೋಸ್ಟಿಂಗ್ ಯಂತ್ರ ಆ ಡೊಮೇನ್ ತನ್ನದೇ ಎಂದುಕೊಂಡಿರುತ್ತದೆ. ಅದೇ ಯಂತ್ರದಲ್ಲಿರುವ ಬೇರೆ ಸಂಸ್ಥೆಗಳು ನಿಮಗೆ ಬರೆದರೆ, ಅಥವಾ ನಿಮ್ಮ ಜಾಲತಾಣದ ದೂರು ಫಾರಂ ಅಲ್ಲಿಂದಲೇ ಪತ್ರ ಕಳುಹಿಸಿದರೆ, ಆ ಯಂತ್ರ ಡಿಎನ್‌ಎಸ್ ಕೇಳುವುದೇ ಇಲ್ಲ. ಪತ್ರವನ್ನು ತನ್ನೊಳಗಿನ ಹಳೆಯ ಪೆಟ್ಟಿಗೆಗೆ ಹಾಕಿ ಸುಮ್ಮನಾಗುತ್ತದೆ. ಯಾರಿಗೂ ಎರರ್ ಕಾಣದು. ಸಿಪ್ಯಾನೆಲ್ ಇದ್ದರೆ ಆ ಡೊಮೇನಿನ ಮೇಲ್ ಲೋಕಲ್ ಅಲ್ಲ, ರಿಮೋಟ್ ಎಂದು ಕೈಯಾರೆ ಬದಲಿಸಿ, ಒಂದು ಪತ್ರ ಕಳುಹಿಸಿ ಖಚಿತಪಡಿಸಿಕೊಳ್ಳಿ.

ಹಳೆಯ ಪತ್ರಗಳನ್ನು ಸಾಗಿಸಲು ಐಮ್ಯಾಪ್‌ಸಿಂಕ್ ಒಳ್ಳೆಯ ಸಾಧನ. ಫೋಲ್ಡರ್, ಓದಿದ ಗುರುತು ಸಮೇತ ತರುತ್ತದೆ. ಆದರೆ ಪಿಒಪಿ ಬಳಸುತ್ತಿದ್ದವರ ಪತ್ರಗಳು ಸರ್ವರಿನಲ್ಲಿ ಇರದೆ, ಅವರ ಮೇಜಿನ ಕಂಪ್ಯೂಟರಿನಲ್ಲೇ ಇರಬಹುದು. ಪ್ರತಿ ಶಾಖೆಗೆ ಹೋಗಿ ನೋಡದೆ ಹಳೆಯ ಪಿಸಿ ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ.

6. ಹೊಸ ಹೆಸರಿಗೆ ಇನ್ನೂ ನಂಬಿಕೆ ಹುಟ್ಟಿಲ್ಲ

ಹೊಸ ಡೊಮೇನಿನಿಂದ ಮೊದಲ ದಿನವೇ ಸಾವಿರಾರು ಪತ್ರ ಹೊರಟರೆ ಬಹುಪಾಲು ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ಪತ್ರ ನಿಜಕ್ಕೂ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಮೊದಲೇ ಸಿದ್ಧವಾಗಿರಲಿ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ಎಸ್‌ಪಿಎಫ್ ದಾಖಲೆ ಪರಿಶೀಲಿಸುವಾಗ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾದರೆ ಇಡೀ ದಾಖಲೆಯೇ ಅಮಾನ್ಯ. ಪ್ರತಿ ವೆಂಡರ್ ಕೇಳಿದ್ದನ್ನೆಲ್ಲ ಸೇರಿಸುತ್ತ ಹೋದರೆ ಆ ಮಿತಿ ಬೇಗ ಮುಟ್ಟುತ್ತದೆ. ಡಿಮಾರ್ಕ್ ನೀತಿಯನ್ನು ಮೊದಲು ‘ನನ್’ ಎಂದಿಟ್ಟು ವರದಿ ಓದಿ, ನಿಮ್ಮ ಪತ್ರಗಳೆಲ್ಲ ಸರಿಯಾಗಿ ಹೋಗುತ್ತಿವೆ ಎಂದು ಕಂಡ ಮೇಲೆ ‘ರಿಜೆಕ್ಟ್’ಗೆ ಏರಿಸಿ.

ಕನ್ನಡ ಲಿಪಿಯ ಡಾಟ್ ಭಾರತ ಹೆಸರು ತೆಗೆದುಕೊಳ್ಳಬಯಸುವವರಿಗೆ ಒಂದು ಮಾತು: ಖಂಡಿತ ತೆಗೆದುಕೊಳ್ಳಿ, ಜಾಲತಾಣ ಚೆನ್ನಾಗಿ ನಡೆಯುತ್ತದೆ. ಆದರೆ ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಒಪ್ಪದ ಸರ್ವರ್‌ಗಳು, ಫಾರಂಗಳು ಇನ್ನೂ ಇರುವುದರಿಂದ ಜೊತೆಗೊಂದು ಇಂಗ್ಲಿಷ್ ಲಿಪಿಯ ವಿಳಾಸವನ್ನೂ ಇಟ್ಟುಕೊಳ್ಳಿ.

7. ಬದಲಾವಣೆಯ ಸುದ್ದಿಯನ್ನು ಲಿಂಕ್ ಇಲ್ಲದೆ ಹೇಳಿ

‘ನಮ್ಮ ವಿಳಾಸ ಬದಲಾಗಿದೆ, ಇಲ್ಲಿ ಒತ್ತಿ’ ಎಂಬುದು ಮೋಸಗಾರರು ಕಳುಹಿಸುವ ಸಂದೇಶದ ತದ್ರೂಪ. ರಿಸರ್ವ್ ಬ್ಯಾಂಕ್ ಈ ಬದಲಾವಣೆ ತಂದದ್ದೇ ಅಂಥ ವಂಚನೆ ತಗ್ಗಿಸಲು. ಹಾಗಾಗಿ ಶಾಖೆಯ ಫಲಕ, ಪಾಸ್‌ಬುಕ್ಕಿನ ಮೇಲೊಂದು ಮುದ್ರೆ, ವಾರ್ಷಿಕ ಮಹಾಸಭೆಯ ನೋಟಿಸ್ ಇವುಗಳಲ್ಲಿ ಹೊಸ ಹೆಸರನ್ನು ಅಚ್ಚು ಮಾಡಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

8. ಹಳೆಯ ಡೊಮೇನನ್ನು ಯಾವತ್ತೂ ಬಿಟ್ಟುಕೊಡಬೇಡಿ

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ: ಡಾಟ್ ಮೊಬಿ ಡೊಮೇನುಗಳ ನೋಂದಣಿ ವಿವರ ತಿಳಿಸುವ ಹೂಈಸ್ ಸರ್ವರ್ ಬೇರೆ ವಿಳಾಸಕ್ಕೆ ಹೋದ ಮೇಲೆ ಅದರ ಹಳೆಯ ಡೊಮೇನ್ 2023ರ ಡಿಸೆಂಬರಿನಲ್ಲಿ ಅವಧಿ ಮುಗಿದು ಬಿಡುಗಡೆಯಾಯಿತು. ವಾಚ್‌ಟವರ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು 2024ರಲ್ಲಿ ಅದನ್ನು ಬರೀ 20 ಡಾಲರಿಗೆ ಕೊಂಡರು. ಕೆಲವೇ ದಿನಗಳಲ್ಲಿ 1,35,000ಕ್ಕೂ ಹೆಚ್ಚು ಯಂತ್ರಗಳು ಆ ಹಳೆಯ ವಿಳಾಸಕ್ಕೇ ಪ್ರಶ್ನೆ ಕೇಳುತ್ತ ಬಂದವು. ಕೊಂಡವರು ಸಜ್ಜನರಾದದ್ದು ಪುಣ್ಯ.

ನಿಮ್ಮ ಹಳೆಯ ಡೊಮೇನ್ ಕೊಂಡವನು ಅದಕ್ಕೆ ಬರುವ ಎಲ್ಲ ಪತ್ರವನ್ನೂ ಓದಬಲ್ಲ. ಮೊದಲ ಪಟ್ಟಿಯಲ್ಲಿ ತಪ್ಪಿಹೋದ ಯಾವುದೋ ಪೋರ್ಟಲಿನಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿ ಒಳಗೆ ಬರಬಲ್ಲ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು ಉಳಿಸಲು ಇಷ್ಟು ದೊಡ್ಡ ಬಾಗಿಲನ್ನು ತೆರೆದಿಡುವುದು ತಪ್ಪು ಲೆಕ್ಕ. ಆಡಳಿತ ಮಂಡಳಿ ಕೇಳಿದರೆ ಇದನ್ನೇ ಹೇಳಿ.

ಈ ಹೊತ್ತೇ ಒಂದು ಕೆಲಸ ಮಾಡಿ: ಹಳೆಯ ಡೊಮೇನ್ ಯಾರ ಹೆಸರಿನಲ್ಲಿದೆ, ನವೀಕರಣದ ದಿನಾಂಕ ಯಾವುದು, ಒಟಿಪಿ ಯಾರ ಮೊಬೈಲಿಗೆ ಹೋಗುತ್ತದೆ ಎಂದು ನೋಡಿ. ಬಿಟ್ಟುಹೋದ ನೌಕರರ ಅಥವಾ ವೆಂಡರ್ ಹೆಸರಿನಲ್ಲಿದ್ದರೆ ಸಂಸ್ಥೆಯ ಹೆಸರಿಗೆ ಬದಲಿಸಿಕೊಂಡು, ಸಾಧ್ಯವಾದಷ್ಟು ವರ್ಷಗಳಿಗೆ ಒಟ್ಟಿಗೇ ಹಣ ಕಟ್ಟಿಬಿಡಿ.