ಫೋನ್ ಕದ್ದಾಲಿಕೆಗೆ ರುಜು ಹಾಕುವವರು ಯಾರು?

ಪ್ರಶ್ನೆ: ನಮ್ಮ ಮೊಬೈಲ್ ಮಾತುಕತೆಯನ್ನು ಸರ್ಕಾರ ಕದ್ದು ಕೇಳಬಹುದೇ? ಅದಕ್ಕೆ ಕೋರ್ಟಿನ ಅಪ್ಪಣೆ ಬೇಡವೇ? ಈ ಮಾತು ಮನೆಯಲ್ಲಿ ಬಂದಾಗಲೆಲ್ಲ ನನ್ನ ಮಗ, ‘ತಪ್ಪು ಮಾಡದವರಿಗೆ ಯಾಕಮ್ಮ ಹೆದರಿಕೆ?’ ಎನ್ನುತ್ತಾನೆ. ಅವನಿಗೆ ಏನು ಹೇಳಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಕೇಳಬಹುದು. ಕೋರ್ಟಿನ ಅಪ್ಪಣೆ ಬೇಕಿಲ್ಲ. ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಇಷ್ಟರಲ್ಲೇ ಉತ್ತರ ಮುಗಿಯಿತು. ಮಗನ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ. ಈ ಅಪ್ಪಣೆ ಎಲ್ಲಿ ಹುಟ್ಟುತ್ತದೆ, ಯಾರ ಮೇಜಿನ ಮೇಲೆ ರುಜು ಬೀಳುತ್ತದೆ, ಆಮೇಲೆ ಅದನ್ನು ಯಾರು ತಿರುಗಿ ನೋಡುತ್ತಾರೆ ಎಂಬುದನ್ನೆಲ್ಲ ತಿಳಿದ ಮೇಲೆಯೇ ಹೆದರಬೇಕೋ ಬೇಡವೋ ಎಂದು ಹೇಳಲು ಸಾಧ್ಯ.

ಈ ಅಧಿಕಾರದ ಬೇರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಸಾರ್ವಜನಿಕ ತುರ್ತು ಪರಿಸ್ಥಿತಿ ಇದ್ದರೆ ಅಥವಾ ಸಾರ್ವಜನಿಕ ಸುರಕ್ಷತೆಗೆ ಬೇಕಿದ್ದರೆ ಸರ್ಕಾರ ಸಂದೇಶಗಳನ್ನು ತಡೆಯಬಹುದು, ತೆರೆದು ನೋಡಬಹುದು ಎಂದು ಅದರ 5(2)ನೇ ಸೆಕ್ಷನ್ ಹೇಳುತ್ತಿತ್ತು. ಬ್ರಿಟಿಷರು ಹೋದರು, ತಂತಿ ಸಂದೇಶವೂ ಹೋಯಿತು, ಆ ಸೆಕ್ಷನ್ ಉಳಿಯಿತು. ಸ್ವತಂತ್ರ ಭಾರತದ ಯಾವ ಪಕ್ಷದ ಸರ್ಕಾರಕ್ಕೂ ಅದನ್ನು ಕೈಬಿಡುವ ಮನಸ್ಸಾಗಲಿಲ್ಲ.

ಇದರ ಬಿಸಿ ಕರ್ನಾಟಕಕ್ಕೆ ಚೆನ್ನಾಗಿಯೇ ತಟ್ಟಿದೆ. 1988ರ ಆಗಸ್ಟ್ 10ರಂದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆಯೇ. ಕೆಲವೇ ದಿನಗಳಲ್ಲಿ ಎಸ್.ಆರ್. ಬೊಮ್ಮಾಯಿ ಆ ಕುರ್ಚಿಗೆ ಬಂದರು. ಹೆಗಡೆಯವರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಕದ್ದಾಲಿಕೆಯ ಹೊಣೆ ಹೊತ್ತು ಮುಖ್ಯಮಂತ್ರಿಯೊಬ್ಬರು ಹುದ್ದೆ ಬಿಡಬೇಕಾದ ಕಾಲವೊಂದಿತ್ತು ಎಂಬುದನ್ನು ಇಂದಿನ ಮಕ್ಕಳಿಗೆ ಹೇಳಬೇಕು. 2019ರಲ್ಲಿ ಇದೇ ರಾಜ್ಯದಲ್ಲಿ, ಹಿಂದಿನ ಸರ್ಕಾರದ ಅವಧಿಯಲ್ಲಿ ಫೋನ್ ಕದ್ದಾಲಿಸಲಾಗಿದೆ ಎಂಬ ಆರೋಪ ಎದ್ದು ತನಿಖೆಯನ್ನು ಸಿಬಿಐಗೆ ಒಪ್ಪಿಸಲಾಯಿತು. ಅಧಿಕಾರದಲ್ಲಿ ಇದ್ದಾಗ ಕೇಳುವುದು, ಇಳಿದ ಮೇಲೆ ದೂರುವುದು ಎಲ್ಲ ಪಕ್ಷಗಳಿಗೂ ರೂಢಿಯಾಗಿದೆ.

ಸುಪ್ರೀಂ ಕೋರ್ಟ್ ಇದಕ್ಕೆ ಲಗಾಮು ಹಾಕಿದ್ದು 1996ರ ಡಿಸೆಂಬರ್‌ನಲ್ಲಿ. ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಬಗ್ಗೆ ಸಿಬಿಐ ಸಿದ್ಧಪಡಿಸಿದ್ದ ವರದಿ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕೋರ್ಟಿಗೆ ಹೋಗಿತ್ತು. ಫೋನಿನಲ್ಲಿ ಮಾತನಾಡುವುದು ಖಾಸಗಿ ಬದುಕಿನ ಭಾಗ, ಮನಸ್ಸಿಗೆ ಬಂದಂತೆ ಅದಕ್ಕೆ ಕೈಹಾಕುವಂತಿಲ್ಲ ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೆ ನ್ಯಾಯಾಧೀಶರ ಅಪ್ಪಣೆ ಪಡೆದೇ ಕೇಳಬೇಕು ಎಂಬ ಅರ್ಜಿದಾರರ ಬೇಡಿಕೆಯನ್ನು ಒಪ್ಪಲಿಲ್ಲ. ನಿಯಮ ಮಾಡುವುದು ಸರ್ಕಾರದ ಕೆಲಸ, ಅಲ್ಲಿಯವರೆಗೆ ಗೃಹ ಕಾರ್ಯದರ್ಶಿಯ ಆದೇಶ ಇರಲಿ, ಅದನ್ನು ನೋಡಲು ಒಂದು ಸಮಿತಿ ಇರಲಿ ಎಂದಿತು. ತಾತ್ಕಾಲಿಕವೆಂದು ಬಂದ ಆ ಏರ್ಪಾಡೇ ಮುಂದೆ ನಿಯಮವಾಗಿ ಇಂದಿಗೂ ನಡೆಯುತ್ತಿದೆ. ಅಂದು ಕೋರ್ಟ್ ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಒಂದು ಕಡತದ ಹಿಂದೆ ಹೋಗೋಣ. ಪೊಲೀಸರಿಗೋ ಗುಪ್ತಚರ ವಿಭಾಗಕ್ಕೋ ಒಂದು ನಂಬರಿನ ಮೇಲೆ ಕಣ್ಣು ಬಿತ್ತು ಎನ್ನಿ. ಅವರು ಗೃಹ ಇಲಾಖೆಗೆ ಬರೆಯುತ್ತಾರೆ. ಕೇಂದ್ರದಲ್ಲಾದರೆ ಕೇಂದ್ರ ಗೃಹ ಕಾರ್ಯದರ್ಶಿ, ರಾಜ್ಯದಲ್ಲಾದರೆ ಗೃಹ ಇಲಾಖೆ ನೋಡಿಕೊಳ್ಳುವ ಕಾರ್ಯದರ್ಶಿ ರುಜು ಹಾಕುತ್ತಾರೆ. ಆದೇಶ 60 ದಿನ ನಡೆಯುತ್ತದೆ. ಮುಂದುವರಿಸುತ್ತಾ 180 ದಿನದವರೆಗೆ ಎಳೆಯಬಹುದು. ತುರ್ತು ಎನಿಸಿದರೆ ಹಿರಿಯ ಪೊಲೀಸ್ ಅಧಿಕಾರಿಯೇ ಕೇಳಲು ಶುರುಮಾಡಿ ಆಮೇಲೆ ಅಪ್ಪಣೆ ಪಡೆಯಬಹುದು. ಆದೇಶ ಸರಿಯಿತ್ತೇ ಎಂದು ನೋಡುವ ಪರಿಶೀಲನಾ ಸಮಿತಿಯಲ್ಲಿ ಇರುವವರು ಮೂವರು. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಕೇಳುವವರು, ಕೇಳಲು ಬಿಡುವವರು, ಬಿಟ್ಟದ್ದು ಸರಿಯೇ ಎಂದು ನೋಡುವವರು ಎಲ್ಲರೂ ಒಂದೇ ಸರ್ಕಾರದ ಅಧಿಕಾರಿಗಳು. ಹೊರಗಿನವರು ಒಬ್ಬರೂ ಇಲ್ಲ.

ಆ ಸಮಿತಿಗೆ ನೋಡಲು ಪುರುಸೊತ್ತಾದರೂ ಇದೆಯೇ? ಮಾಹಿತಿ ಹಕ್ಕಿನಡಿ 2013ರಲ್ಲಿ ಸಿಕ್ಕ ಉತ್ತರದ ಪ್ರಕಾರ ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಫೋನ್ ಕದ್ದಾಲಿಕೆ ಆದೇಶ ಹೊರಡಿಸುತ್ತಿತ್ತು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದೊಂದು ಸಭೆಯ ಮುಂದೆ 15,000ದಿಂದ 18,000 ಆದೇಶಗಳು. ಇದು ಆಗದ ಕೆಲಸ ಎಂದು ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಬರೆದಿದೆ. ಲೆಕ್ಕ ಹಾಕಿ ನೋಡಿ: ಮೂವರು ಕಾರ್ಯದರ್ಶಿಗಳು ಬೇರೆಲ್ಲ ಕೆಲಸ ಬಿಟ್ಟು ಎಂಟು ಗಂಟೆ ಕುಳಿತರೂ ಒಂದು ಆದೇಶಕ್ಕೆ ಎರಡು ಸೆಕೆಂಡು ಸಿಗುವುದಿಲ್ಲ. ಅಷ್ಟರಲ್ಲಿ ನಂಬರನ್ನು ಓದಿ ಮುಗಿಸಲೂ ಆಗದು.

ಇಷ್ಟು ಹೇಳಿ, ಕದ್ದಾಲಿಕೆಯೇ ಬೇಡ ಎಂದರೆ ಅದು ತಪ್ಪಾಗುತ್ತದೆ. 2008ರ ನವೆಂಬರ್ 26ರ ಮುಂಬೈ ದಾಳಿಯ ವೇಳೆ ದಾಳಿಕೋರರಿಗೆ ಪಾಕಿಸ್ತಾನದಿಂದ ಸೂಚನೆ ಬರುತ್ತಿದ್ದದ್ದು ನಮಗೆ ಗೊತ್ತಾದದ್ದು ಅವರ ಫೋನ್ ಮಾತುಗಳನ್ನು ಕೇಳಿಸಿಕೊಂಡದ್ದರಿಂದಲೇ. ಅಂಥ ಕಡೆ ಸರ್ಕಾರ ಕೇಳಲೇಬೇಕು. ಆದರೆ ಅದೇ ದಾಳಿಯ ಬೆನ್ನಲ್ಲೇ, ಇನ್ನೂ ಒಂದು ತಿಂಗಳು ತುಂಬುವ ಮೊದಲು, ಲೋಕಸಭೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿಯನ್ನು ಹೆಚ್ಚು ಚರ್ಚೆಯಿಲ್ಲದೆ ಒಪ್ಪಿತು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಬಿಗಿಯಾದದ್ದೂ ಅದೇ ಡಿಸೆಂಬರ್‌ನಲ್ಲಿ. ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ ತುರ್ತು ಪರಿಸ್ಥಿತಿ, ಸಾರ್ವಜನಿಕ ಸುರಕ್ಷತೆ ಎಂಬ ಹಳೆಯ ಷರತ್ತುಗಳು ಐಟಿ ಕಾಯ್ದೆಯ 69ನೇ ಸೆಕ್ಷನ್‌ನಲ್ಲಿ ಇಲ್ಲ. ಬದಲಿಗೆ ‘ಯಾವುದೇ ಅಪರಾಧದ ತನಿಖೆ’ಗೂ ಕಂಪ್ಯೂಟರು, ಮೊಬೈಲಿನಲ್ಲಿನ ಮಾಹಿತಿಯನ್ನು ನೋಡಬಹುದು ಎಂಬ ಮಾತು ಸೇರಿತು. ಬ್ರಿಟಿಷರ ಕಾಯ್ದೆಗಿಂತ ನಮ್ಮ ಕಾಯ್ದೆ ಸಡಿಲವಾದದ್ದು ಹೀಗೆ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಇದೇ ಸೆಕ್ಷನ್ ಅಡಿ 10 ಸಂಸ್ಥೆಗಳಿಗೆ ಈ ಅಧಿಕಾರ ಕೊಟ್ಟಿತು. ಹಿಂದಿನ ಸರ್ಕಾರದ ಕಾನೂನನ್ನೇ ನಾವು ಜಾರಿ ಮಾಡುತ್ತಿದ್ದೇವೆ ಎಂಬುದು ಸಮರ್ಥನೆಯಾಗಿತ್ತು. ಆ ಮಾತು ನಿಜವೂ ಹೌದು. ಭಯದ ಬಿಸಿಯಲ್ಲಿ ಮಾಡಿದ ಕಾನೂನು ಭಯ ಆರಿದ ಮೇಲೂ ಉಳಿಯುತ್ತದೆ, ಮುಂದೆ ಬರುವವರ ಕೈಗೆ ಸಿಗುತ್ತದೆ.

ಅಂಚೆಯ ಕಥೆ ಇದಕ್ಕಿಂತ ಹೆಚ್ಚು ನೋಯಿಸುತ್ತದೆ. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಜನರ ಕಾಗದಪತ್ರ ಒಡೆದು ನೋಡುವ ಅಧಿಕಾರ ಕೊಡುವ ಅಂಚೆ ತಿದ್ದುಪಡಿ ವಿಧೇಯಕವನ್ನು ಸಂಸತ್ತಿನ ಎರಡೂ ಸದನಗಳಲ್ಲಿ ಪಾಸು ಮಾಡಿಸಿತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಅಂಕಿತ ಹಾಕಲಿಲ್ಲ, ತಿರಸ್ಕರಿಸಲೂ ಇಲ್ಲ, ಸುಮ್ಮನೆ ಇಟ್ಟುಕೊಂಡರು. ವಿಧೇಯಕ ಅಲ್ಲಿಗೇ ನಿಂತಿತು. 2023ರ ಡಿಸೆಂಬರ್‌ನಲ್ಲಿ ಹೊಸ ಅಂಚೆ ಕಚೇರಿ ಕಾಯ್ದೆ ಬಂತು. ಅದರ 9ನೇ ಸೆಕ್ಷನ್ ಪ್ರಕಾರ ದೇಶದ ಭದ್ರತೆ ಮೊದಲಾದ ಕಾರಣಗಳ ಜೊತೆಗೆ, ಯಾವುದೇ ಕಾನೂನಿನ ಉಲ್ಲಂಘನೆಯಾದರೂ ಅಂಚೆಯನ್ನು ತಡೆದು, ಒಡೆದು ನೋಡಬಹುದು. ಅದೇ ವಾರದಲ್ಲಿ ಹೊಸ ದೂರಸಂಪರ್ಕ ಕಾಯ್ದೆಯೂ ಪಾಸಾಯಿತು. ಆಗ ವಿರೋಧ ಪಕ್ಷಗಳ 140ಕ್ಕೂ ಹೆಚ್ಚು ಸಂಸದರು ಅಮಾನತಾಗಿ ಹೊರಗಿದ್ದರು. 1885ರ ಕಾಯ್ದೆ ಹೋಗಿ ಹೊಸದು ಬಂತು ಎಂದು ಸಂಭ್ರಮಿಸಬಹುದಿತ್ತು. ಆದರೆ ಕದ್ದಾಲಿಕೆಯ ಅಧಿಕಾರ ಹೆಚ್ಚು ಕಡಿಮೆ ಹಳೆಯ ರೂಪದಲ್ಲೇ ಅದರ 20(2)ನೇ ಸೆಕ್ಷನ್‌ಗೆ ಬಂದು ಕೂತಿತು. 2024ರ ಡಿಸೆಂಬರ್‌ನ ಹೊಸ ನಿಯಮಗಳಲ್ಲೂ ನ್ಯಾಯಾಧೀಶರಿಗೆ ಜಾಗ ಸಿಗಲಿಲ್ಲ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಲಂಚದ ಪ್ರಕರಣವೊಂದರಲ್ಲಿ ಉದ್ಯಮಿಯೊಬ್ಬರ ಫೋನ್ ಕದ್ದಾಲಿಸಿದ್ದ ಮೂರು ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ರದ್ದುಮಾಡಿ, ಧ್ವನಿಮುದ್ರಣಗಳನ್ನು ನಾಶಪಡಿಸಲು ಹೇಳಿತು. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ 2011ರ ಒಂದು ಆದೇಶವನ್ನು ರದ್ದುಮಾಡಿತು. ಕೇಳಿದ್ದನ್ನು ಪರಿಶೀಲನಾ ಸಮಿತಿಯ ಮುಂದೆ ಇಟ್ಟೇ ಇರಲಿಲ್ಲ ಎಂಬುದು ಅಲ್ಲಿ ಹೊರಬಿತ್ತು. (ದೆಹಲಿ ಹೈಕೋರ್ಟ್ ಅದಕ್ಕೆ ಕೆಲವೇ ದಿನ ಮೊದಲು, ಭ್ರಷ್ಟಾಚಾರವನ್ನೂ ಸಾರ್ವಜನಿಕ ಸುರಕ್ಷತೆಯ ಕಾರಣವೆಂದು ನೋಡಬಹುದು ಎಂದಿತ್ತು. ಹಾಗಾಗಿ ಲಂಚದ ತನಿಖೆಗೆ ಫೋನ್ ಕದ್ದಾಲಿಸಬಹುದೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.) ಬಾಂಬೆ, ಮದ್ರಾಸ್ ಹೈಕೋರ್ಟುಗಳಿಗೆ ಹೋದ ಈ ಇಬ್ಬರಿಗೂ ತಮ್ಮ ಫೋನ್ ಕದ್ದಾಲಿಕೆಯಾಗಿದೆ ಎಂದು ತಿಳಿದದ್ದು ಹೇಗೆ? ಅವರ ಮೇಲೆ ಕೇಸು ಬಿತ್ತು, ಧ್ವನಿಮುದ್ರಣ ಸಾಕ್ಷಿಯಾಗಿ ಬಂತು, ಅದರಿಂದ ತಿಳಿಯಿತು.

ಕೇಸು ಬೀಳದವರ ಗತಿ ಏನು? 180 ದಿನ ಮಾತು ಕೇಳಿ, ಏನೂ ಸಿಗದೆ, ‘ಇವರದು ತಪ್ಪಿಲ್ಲ’ ಎಂದು ಕಡತ ಮುಚ್ಚಿದವರಿಗೆ ಯಾರೂ ಬಂದು ಹೇಳುವುದಿಲ್ಲ. ಹೇಳಬೇಕೆಂಬ ನಿಯಮವೇ ನಮ್ಮಲ್ಲಿಲ್ಲ. ಆರು ತಿಂಗಳಿಗೊಮ್ಮೆ ದಾಖಲೆಗಳನ್ನು ನಾಶಮಾಡಬೇಕೆಂಬ ನಿಯಮ ಮಾತ್ರ ಇದೆ. ಮಾತು ಸೋರದಿರಲಿ ಎಂದು ಮಾಡಿದ ನಿಯಮವದು, ಆದರೆ ತಪ್ಪಾಗಿ ಕೇಳಿದ್ದಕ್ಕೆ ಇದ್ದ ಪುರಾವೆಯೂ ಅದರ ಜೊತೆಗೇ ಹೋಗುತ್ತದೆ. ಆರೋಪಿಗೆ ಕೋರ್ಟಿದೆ, ವಕೀಲರಿದ್ದಾರೆ, ಆದೇಶದ ಪ್ರತಿ ಸಿಗುತ್ತದೆ. ತಪ್ಪು ಮಾಡದವರಿಗೆ ಇದಾವುದೂ ಇಲ್ಲ, ಏಕೆಂದರೆ ಪ್ರಶ್ನಿಸಬೇಕಾದ ಸಂಗತಿಯೇ ಅವರಿಗೆ ಗೊತ್ತಾಗುವುದಿಲ್ಲ. ಈ ಏರ್ಪಾಡಿನಲ್ಲಿ ಯಾವ ರಕ್ಷಣೆಯೂ ಇಲ್ಲದವರು ನಿಮ್ಮ ಮಗ ಹೇಳುವ ಆ ತಪ್ಪು ಮಾಡದವರೇ. ಅವನಿಗೆ ಇದನ್ನೇ ಹೇಳಿ.

ಅಮೆರಿಕದಲ್ಲಿ ಅಪರಾಧ ತನಿಖೆಗೆ ಫೋನ್ ಕದ್ದಾಲಿಸಬೇಕಾದರೆ 1968ರ ಕಾನೂನಿನಂತೆ ನ್ಯಾಯಾಧೀಶರ ಆದೇಶ ಬೇಕು. ಕದ್ದಾಲಿಕೆ ಮುಗಿದು 90 ದಿನದೊಳಗೆ, ಕೋರ್ಟ್ ಮುಂದೂಡದಿದ್ದರೆ, ಸಂಬಂಧಪಟ್ಟವರಿಗೆ ತಿಳಿಸಲೇಬೇಕು. ನ್ಯಾಯಾಧೀಶರಿದ್ದರೆ ಎಲ್ಲವೂ ಸರಿ ಎಂದೇನೂ ಅಲ್ಲ. ಕೋಟ್ಯಂತರ ಜನರ ಕರೆ ವಿವರಗಳನ್ನು ದಿನವೂ ಒಪ್ಪಿಸುವಂತೆ ಅಲ್ಲಿನ ರಹಸ್ಯ ಕೋರ್ಟೇ ರುಜು ಹಾಕಿತ್ತು ಎಂಬುದನ್ನು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದರು. ಆ ಯೋಜನೆಯಿಂದ ಒಂದೇ ಒಂದು ಭಯೋತ್ಪಾದನೆ ತನಿಖೆಯ ಫಲಿತಾಂಶವೂ ಬದಲಾದದ್ದು ಕಾಣಲಿಲ್ಲ ಎಂದು ಅಲ್ಲಿನ ಸರ್ಕಾರಿ ಮಂಡಳಿಯೇ 2014ರಲ್ಲಿ ವರದಿ ಕೊಟ್ಟಿತು. ಮರುವರ್ಷ ಕಾನೂನು ಬದಲಾಯಿತು. ಅಲ್ಲಿಯೂ ತಪ್ಪು ನಡೆಯಿತು, ಆದರೆ ಅದನ್ನು ಅಳೆದು ನೋಡುವ ಹೊರಗಿನವರು ಇದ್ದರು.

ನಮ್ಮಲ್ಲಿ ರುಜುವೇ ಇಲ್ಲದೆ ಒಳನುಗ್ಗುವ ಅನುಮಾನ ಬಂದಾಗ ಏನಾಯಿತು? ಫೋನಿಗೆ ನುಸುಳುವ ಪೆಗಾಸಸ್ ಕುತಂತ್ರಾಂಶವನ್ನು ಬಳಸಲಾಗಿದೆ ಎಂಬ ಆರೋಪ 2021ರ ಜುಲೈನಲ್ಲಿ ಎದ್ದಿತು. ಬಳಸಿದ್ದೇವೆ ಎಂದಾಗಲಿ ಇಲ್ಲವೆಂದಾಗಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ನೇರವಾಗಿ ಹೇಳಲಿಲ್ಲ. ಕೋರ್ಟ್ ನೇಮಿಸಿದ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿ, ಐದರಲ್ಲಿ ಕುತಂತ್ರಾಂಶ ಇದೆ, ಅದು ಪೆಗಾಸಸ್ ಎಂದು ಖಚಿತವಾಗಿ ಹೇಳಲಾಗದು ಎಂದಿತು. ಸರ್ಕಾರ ಸಹಕರಿಸಲಿಲ್ಲ ಎಂದೂ ಸಮಿತಿ ತಿಳಿಸಿದ್ದನ್ನು ಕೋರ್ಟ್ 2022ರ ಆಗಸ್ಟ್‌ನಲ್ಲಿ ಬಹಿರಂಗವಾಗಿ ಹೇಳಿತು. ಇಂಥ ಅನುಮಾನ ಫೋನಿಗಷ್ಟೇ ಸೀಮಿತವಲ್ಲ. ಯುಎಪಿಎ ಅಡಿ ದಾಖಲಾದ ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ, ಕಸ್ಟಡಿಯಲ್ಲಿದ್ದಾಗಲೇ 2021ರಲ್ಲಿ 84ರ ವಯಸ್ಸಿನಲ್ಲಿ ತೀರಿಕೊಂಡ ಪಾದ್ರಿ ಸ್ಟ್ಯಾನ್ ಸ್ವಾಮಿಯವರ ಕಂಪ್ಯೂಟರಿಗೆ ಹೊರಗಿನಿಂದ ಕಡತಗಳನ್ನು ತೂರಿಸಲಾಗಿತ್ತು ಎಂದು ಅಮೆರಿಕದ ವಿಧಿವಿಜ್ಞಾನ ಸಂಸ್ಥೆ ಆರ್ಸೆನಲ್ ವರದಿ ಕೊಟ್ಟಿದೆ. ಅದು ಆರೋಪಿಗಳ ಪರ ವಕೀಲರು ಮಾಡಿಸಿದ ಪರೀಕ್ಷೆ, ವಿಚಾರಣೆಯಲ್ಲಿ ಇನ್ನೂ ಒರೆಗೆ ಹಚ್ಚಬೇಕಿದೆ. ಆದರೆ ಅದು ಒರೆಗೆ ನಿಲ್ಲುವುದೋ ಇಲ್ಲವೋ ತಿಳಿಯುವ ಮೊದಲೇ ಆ ಮುದುಕರು ಹೋದರು. ಯುಎಪಿಎಯ ಜಾಮೀನು ನಿಯಮ ಅಷ್ಟು ಬಿಗಿ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತಲ್ಲ, ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ತೀರ್ಪಿನ ಅಳತೆಗೋಲಿಗೆ ಇಂದಿನ ಕದ್ದಾಲಿಕೆ ನಿಯಮಗಳು ನಿಲ್ಲುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ಕೆಲವು ವ್ಯಾವಹಾರಿಕ ಮಾತು. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ *#21#, *#62# ಕೋಡುಗಳನ್ನು ಒತ್ತಿದರೆ ಕದ್ದಾಲಿಕೆ ತಿಳಿಯುತ್ತದೆ ಎಂಬುದು ಸುಳ್ಳು. ಅವು ನಿಮ್ಮ ಕರೆ ಬೇರೆ ನಂಬರಿಗೆ ತಿರುಗಿದೆಯೇ ಎಂದಷ್ಟೇ ತೋರಿಸುತ್ತವೆ. ಮಾಹಿತಿ ಹಕ್ಕಿನಡಿ ನಿಮ್ಮದೇ ನಂಬರಿನ ಬಗ್ಗೆ ಕೇಳಿದರೆ ಭದ್ರತೆಯ ಹೆಸರಿನಲ್ಲಿ ನಿರಾಕರಿಸಬಹುದು. ಆದರೆ ಜನ ದನಿ ಎತ್ತಿದರೆ ಸರ್ಕಾರ ಹಿಂದೆ ಸರಿಯುವುದುಂಟು: ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ್ ಸಾಥಿ ಆ್ಯಪ್ ಮೊದಲೇ ಇರಬೇಕೆಂದು 2025ರ ನವೆಂಬರ್ ಕೊನೆಯಲ್ಲಿ ಹೊರಟ ಆದೇಶ ಡಿಸೆಂಬರ್ ಮೊದಲ ವಾರದಲ್ಲೇ ವಾಪಸಾಯಿತು.

ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ. ಕರ್ನಾಟಕದ ಗೃಹ ಇಲಾಖೆ ವರ್ಷಕ್ಕೆ ಎಷ್ಟು ಕದ್ದಾಲಿಕೆ ಆದೇಶಕ್ಕೆ ರುಜು ಹಾಕುತ್ತದೆ, ಪರಿಶೀಲನಾ ಸಮಿತಿ ಅವುಗಳಲ್ಲಿ ಎಷ್ಟನ್ನು ರದ್ದುಮಾಡಿದೆ ಎಂದು ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಕೇಳಲು ಹೇಳಿ. ಯಾರ ಹೆಸರೂ ಬೇಕಿಲ್ಲ, ಸಂಖ್ಯೆ ಕೊಟ್ಟರೆ ಯಾವ ತನಿಖೆಯೂ ಕೆಡುವುದಿಲ್ಲ. ಅಮೆರಿಕದ ಕೋರ್ಟುಗಳ ಆಡಳಿತ ಕಚೇರಿ ಇಂಥ ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ಶಾಸಕರಿಂದ ಏನು ಉತ್ತರ ಬಂತೆಂದು ನಮಗೂ ಬರೆದು ತಿಳಿಸಿ, ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.